ಶುಗರ್ ಇದ್ದೋರಿಗೆ ಅರ್ಧ ಮುಖ ನೋಯ್ತಿದ್ರೆ ಬರೀ ಹಲ್ಲುನೋವು ಅಂತ ಕೂರಬೇಡಿ

ಅದು ಬ್ಲ್ಯಾಕ್ ಫಂಗಸ್ಸೂ ಆಗಿರಬಹುದು ಅಂದ್ರೆ, ಬ್ಲ್ಯಾಕ್ ಫಂಗಸ್ಸಾ, ಅದು ಕೋವಿಡ್ ಜೊತೆಗೇ ಹೋಯ್ತಲ್ಲ ಡಾಕ್ಟ್ರೇ ಅಂತಾರೆ ನಮ್ಮ ಡೆಂಟಲ್ ಕ್ಲಿನಿಕ್ಕಿಗೆ ಬರೋರು. ಹೋಗಿಲ್ಲ ಕಣ್ರೀ. ಮ್ಯೂಕರ್‌ಮೈಕೋಸಿಸ್, ಅಂದ್ರೆ ಇದೇ ಬ್ಲ್ಯಾಕ್ ಫಂಗಸ್ ಕಾಯಿಲೆ, ಕೋವಿಡ್‌ಗಿಂತ ಮುಂಚೆನೂ ಇತ್ತು, ಈಗಲೂ ಇದೆ, ಅದು ಬೆಳೆಯೋಕೆ ಕೋವಿಡ್ಡೇ ಬೇಕು ಅಂತಿಲ್ಲ, ಕಂಟ್ರೋಲ್ ತಪ್ಪಿದ ಶುಗರ್ ಸಾಕು, ಅದಕ್ಕೇನು ಬೆಂಗಳೂರಲ್ಲಿ ಬರಾನಾ? 2021ರಲ್ಲಿ ಶುಗರ್ ಜೊತೆಗೆ ಕೋವಿಡ್‌ಗೆ ಕೊಟ್ಟ ಸ್ಟೀರಾಯ್ಡೂ ಸೇರ್ಕೊಂಡು ಒಟ್ಟಿಗೆ ಸ್ಫೋಟ ಆಯ್ತು, ಬೌರಿಂಗ್ ಆಸ್ಪತ್ರೆಲಿ ಇದಕ್ಕೇ ಅಂತ ಬೆಡ್ ಇಟ್ಟಿದ್ರು, ಈ ಫಂಗಸ್‌ಗೆ ಕೊಡೋ ಆಂಫೋಟೆರಿಸಿನ್ ಇಂಜೆಕ್ಷನ್ ಸಿಗದೆ ಜನ ಊರೆಲ್ಲ ಅಲೆದ್ರು. ಅದು ಎಲ್ಲರಿಗೂ ನೆನಪಿದೆ, ಲಕ್ಷಣ ಮಾತ್ರ ಯಾರಿಗೂ ನೆನಪಿಲ್ಲ.

ಎಲ್ಲರೂ ಕಪ್ಪು ಕಲೆಗೆ ಕಾಯ್ತಾರೆ, ಅದೇ ನನಗೆ ಸಿಟ್ಟು. ಈ ಫಂಗಸ್ ರಕ್ತನಾಳದೊಳಗೇ ನುಗ್ಗುತ್ತೆ, ಅಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ಆಮೇಲೆ ಆ ಜಾಗದ ಮಾಂಸ, ಮೂಳೆ ರಕ್ತ ಇಲ್ಲದೆ ಸಾಯುತ್ತೆ. ಅಂಗುಳಲ್ಲೋ ಮೂಗೊಳಗೋ ಕಾಣೋ ಕಪ್ಪು ಆ ಸತ್ತ ಮಾಂಸ. ಅದು ಕಾಣೋ ಹೊತ್ತಿಗೆ ಎಷ್ಟೋ ಕೆಲಸ ಕೆಟ್ಟಿರುತ್ತೆ.

ಮುಂಚೆ ಶುರುವಾಗೋದು ಸಾಮಾನ್ಯವಾಗಿ ಒಂದೇ ಕಡೆ. ಒಂದೇ ಕೆನ್ನೆ ನೋವು, ಕಣ್ಣ ಕೆಳಗೆ ಊತ, ಒಂದೇ ಮೂಗು ಕಟ್ಟೋದು, ಕೆಲವ್ರಿಗೆ ರಕ್ತ ಬೆರೆತ ಸಿಂಬಳ. ಇನ್ನು ಜೋಮು. ಹತ್ತಿ ಎಳೆನ ಎರಡೂ ಕೆನ್ನೆ ಮೇಲೆ ಮೆಲ್ಲಗೆ ಎಳೆದು ನೋಡ್ತೀವಿ, ಒಂದು ಕಡೆ ಗೊತ್ತೇ ಆಗಲ್ಲ ಅಂದ್ರೆ ನಾವು ಎದ್ದು ಕೂರ್ತೀವಿ. ಹಲ್ಲಿನ ವಿಷಯಕ್ಕೆ ಬಂದ್ರೆ ಮೇಲ್ದವಡೆ ನೋಡಿ. ಹುಳುಕಿಲ್ಲ, ಏಟು ಬಿದ್ದಿಲ್ಲ, ಮೊನ್ನೆ ತನಕ ಗಟ್ಟಿಯಾಗಿದ್ದ ಹಲ್ಲುಗಳು ಇದ್ದಕ್ಕಿದ್ದಂಗೆ ಅಲ್ಲಾಡ್ತಾವೆ, ಅದೂ ಒಂದು ಹಿಡಿದು ಅಲ್ಲಾಡಿಸಿದ್ರೆ ಪಕ್ಕದ ಎರಡು ಮೂರು ಹಲ್ಲೂ ದವಡೆ ತುಂಡಿನ ಸಮೇತ ಜೊತೆಗೇ ಅಲ್ಲಾಡುತ್ತೆ, ವಸಡಲ್ಲಿ ಅಲ್ಲಲ್ಲಿ ಕೀವಿನ ಗುಳ್ಳೆ. ಹಲ್ಲು ಕಿತ್ತ ಗಾಯ ವಾಸಿ ಆಗದೆ ಒಳಗೆ ಮೂಳೆ ಕಾಣ್ತಿದ್ರೂ ಅನುಮಾನ ಪಡಬೇಕು.

ನಮ್ಮ ಜನ ಏನ್ಮಾಡ್ತಾರೆ? ಮೆಡಿಕಲ್ ಶಾಪಲ್ಲಿ ಹಲ್ಲುನೋವಿನ ಮಾತ್ರೆ ಕೊಡಪ್ಪಾ ಅಂತಾರೆ, ಅವನು ಪೇನ್‌ಕಿಲ್ಲರ್ ಜೊತೆ ಒಂದು ಆಂಟಿಬಯಾಟಿಕ್ಕೂ ಕೊಡ್ತಾನೆ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗೆ, ಫಂಗಸ್‌ಗೆ ಅದ್ರಿಂದ ಏನೂ ಆಗಲ್ಲ, ಪೇನ್‌ಕಿಲ್ಲರ್ ನೋವು ಮುಚ್ಚುತ್ತೆ ಅಷ್ಟೇ, ಹಿಂಗೇ ದಿನ ಹೋಗುತ್ತೆ, ಇಲ್ಲಿ ದಿನಾನೇ ಮುಖ್ಯ. ಬೈಯೋದಾದ್ರೆ ನಮ್ಮವ್ರನ್ನೂ ಬೈಬೇಕು, ಶುಗರ್ ಚೆಕ್ ಮಾಡದೆ ಹಲ್ಲು ಕೀಳೋ ಕ್ಲಿನಿಕ್‌ಗಳು ಇನ್ನೂ ಇದಾವೆ. ಗ್ಲುಕೋಮೀಟರ್ ಇಲ್ಲದ ಡೆಂಟಲ್ ಕ್ಲಿನಿಕ್ ಇರಲೇಬಾರದು ಅನ್ನೋದು ನನ್ನ ಅಭಿಪ್ರಾಯ, ಯಾರು ಏನಾದ್ರೂ ಅನ್ಕೊಳ್ಳಿ.

ಹಂಗಂತ ಸುಮ್ನೆ ಹೆದರೋದೂ ಬೇಡ. ನಾಲಿಗೆ ಮೇಲೆ ಮೊಸರಿನ ಥರ ಬಿಳಿ ಪದರ ಕೂತು, ಒರೆಸಿದ್ರೆ ಬಂದ್ಬಿಡುತ್ತಲ್ಲ, ಅದು ಸಾಮಾನ್ಯವಾಗಿ ಕ್ಯಾಂಡಿಡಾ ಅನ್ನೋ ಬೇರೆ ಫಂಗಸ್, ತೋರಿಸ್ಕೊಳ್ಳಿ, ಆದ್ರೆ ಇದಲ್ಲ. ಈರುಳ್ಳಿ ಸಿಪ್ಪೆ ಮೇಲಿನ ಕಪ್ಪಿಂದ ಬ್ಲ್ಯಾಕ್ ಫಂಗಸ್ ಬರುತ್ತೆ ಅಂತ ಆವಾಗ ವಾಟ್ಸಾಪಲ್ಲಿ ಓಡಾಡ್ತಲ್ಲ, ಆ ಬೂಷ್ಟೇ ಬೇರೆ. ಒಬ್ಬರಿಂದ ಒಬ್ಬರಿಗೆ ಅಂಟೋದೂ ಇಲ್ಲ.

ಅನುಮಾನ ಬಂದ್ರೆ ಇಎನ್‌ಟಿ ಇರೋ ದೊಡ್ಡ ಆಸ್ಪತ್ರೆಗೆ ಅವತ್ತೇ ಹೋಗಿ. ಮೂಗೊಳಗೆ ಎಂಡೋಸ್ಕೋಪ್ ಹಾಕಿ ನೋಡ್ತಾರೆ, ಚೂರು ಮಾಂಸ ತೆಗೆದು ಟೆಸ್ಟ್‌ಗೆ ಕಳಿಸ್ತಾರೆ, ಎಂಆರ್‌ಐ ಆಗುತ್ತೆ. ಆಂಫೋಟೆರಿಸಿನ್ ಒಂದರಿಂದಲೇ ಸಾಮಾನ್ಯವಾಗಿ ಮುಗಿಯಲ್ಲ, ಸತ್ತಿರೋದನ್ನ ಆಪರೇಷನ್ ಮಾಡಿ ತೆಗೀಬೇಕು, ಶುಗರ್ ಇಳಿಸಲೇಬೇಕು. ತಡ ಆದವ್ರಿಗೆ ಮೇಲ್ದವಡೆ, ಕೆಲವ್ರಿಗೆ ಕಣ್ಣೂ ತೆಗೀಬೇಕಾಗುತ್ತೆ. ರೆಪ್ಪೆ ಜೋತುಬಿದ್ರೆ, ಒಂದು ಎರಡಾಗಿ ಕಂಡ್ರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿನೇ ಎಮರ್ಜೆನ್ಸಿಗೆ ಹೋಗಿ, ಹೋದ ತಕ್ಷಣ ಶುಗರ್ ಎಷ್ಟಿದೆ, ಸ್ಟೀರಾಯ್ಡ್ ಏನಾದ್ರೂ ತಗೋತಿದೀರಾ ಅನ್ನೋದನ್ನ ಅವರು ಕೇಳೋಕ್ ಮುಂಚೆನೇ ಹೇಳ್ಬಿಡಿ.