ಸತ್ಯಾಂಶ: ಬಿಸ್ಮಾರ್ಕ್ ಮತ್ತು 65 ವರ್ಷದ ಪಿಂಚಣಿ

‘ಜರ್ಮನಿಯ ಬಿಸ್ಮಾರ್ಕ್ ಪಿಂಚಣಿಗೆ 65 ವರ್ಷ ಇಟ್ಟಿದ್ದೇ ಅಷ್ಟು ಕಾಲ ಯಾರೂ ಬದುಕಲ್ಲ ಅಂತ’ ಎನ್ನುವ ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ಇದು ಸರಿಯಲ್ಲ.

ಬಿಸ್ಮಾರ್ಕ್ ಜರ್ಮನಿಯ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಆಗಿದ್ದಾಗ ಬಂದ 1889ರ ಪಿಂಚಣಿ ಕಾನೂನಿನಲ್ಲಿದ್ದ ವಯಸ್ಸು 70. ಅದು 65ಕ್ಕೆ ಇಳಿದದ್ದು 1916ರಲ್ಲಿ, ಬಿಸ್ಮಾರ್ಕ್ ತೀರಿಕೊಂಡು ಸುಮಾರು 18 ವರ್ಷ ಆದಮೇಲೆ. 70 ಮುಟ್ಟಿದ ಕಾರ್ಮಿಕರು ಕಡಿಮೆಯೇ, ನಿಜ. ಆದರೆ ಆಗಿನ ಸರಾಸರಿ ಆಯಸ್ಸು ಅಷ್ಟು ಕಡಿಮೆ ಇರಲು ದೊಡ್ಡ ಕಾರಣ ಎಳೆ ಮಕ್ಕಳು ಜಾಸ್ತಿ ಸಾಯುತ್ತಿದ್ದದ್ದು. ಬಾಲ್ಯ ದಾಟಿದ ಎಷ್ಟೋ ಜನ ಮುಪ್ಪಿನವರೆಗೂ ಬದುಕುತ್ತಿದ್ದರು.

ಮೆಸೇಜ್‌ನಲ್ಲಿ ಇಲ್ಲದ ಒಂದು ಮಾತು ಉಂಟು, ನನಗೆ ಅದೇ ಮುಖ್ಯ ಅನ್ನಿಸುತ್ತದೆ: ಕಾಯಿಲೆ ಬಿದ್ದೋ ಅಂಗವೈಕಲ್ಯದಿಂದಲೋ ದುಡಿಯಲು ಆಗದವರಿಗೆ, 70 ತುಂಬದಿದ್ದರೂ, ಅದೇ ಕಾನೂನು ಪಿಂಚಣಿ ಕೊಡುತ್ತಿತ್ತು. ಕಾರ್ಮಿಕರು, ಮಾಲೀಕರು ಸಮಪಾಲು ಕಟ್ಟುತ್ತಿದ್ದರು, ಸರ್ಕಾರವೂ ತನ್ನ ಪಾಲು ಸೇರಿಸುತ್ತಿತ್ತು.