ಹುಳಕ್ಕೂ ಒಂದು ಸನ್ಮಾನ ಮಾಡಿ

ಜೈವಿಕ ತಂತ್ರಜ್ಞಾನದ ದಯೆಯಿಂದ ಹತ್ತಿ ತಳಿ ಇನ್ನು ಅರ್ಧ ಸಮಯದಲ್ಲೇ ಸಿದ್ಧವಂತೆ. ಸುಳ್ಳೇನಲ್ಲ. ಒಂದು ಜೀನನ್ನು ಒಳ್ಳೆಯ ತಳಿಗೆ ದಾಟಿಸಲು ಮೊದಲು ಐದಾರು ತಲೆಮಾರು ಹಿಮ್ಮುಖ ಸಂಕರಣ, ಅಂದರೆ ಮತ್ತೆ ಮತ್ತೆ ಅದೇ ಒಳ್ಳೆಯ ತಳಿಯೊಡನೆ ಕೂಡಿಸುವುದು, ಬೇಕಿತ್ತು. ಈಗ ಸಸಿಯ ಎಲೆಚೂರಿನಲ್ಲೇ ಡಿಎನ್‌ಎ ಮಾರ್ಕರ್ (ಜೀನ್ ಬಂದಿದೆಯೆಂದು ತೋರಿಸುವ ಗುರುತು) ನೋಡಿ ಆರಿಸಿದರೆ ಮೂರಕ್ಕೆ ಕೆಲಸ ಮುಗಿಯುತ್ತದೆ. ಎಲೆ ಮಾತ್ರ ಎಳೆಯದಾಗಿರಬೇಕು. ಬಲಿತ ಹತ್ತಿ ಎಲೆ ಅರೆದರೆ ಪಾಲಿಫಿನಾಲ್ ಎಂಬ ಒಗರು ರಾಸಾಯನಿಕ ಸೇರಿ ಡಿಎನ್‌ಎ ಕಂದು ಅಂಟಾಗುತ್ತದೆ, ಅದನ್ನು ನಕಲು ತೆಗೆದು ನೋಡುವ ಪಿಸಿಆರ್ ಪರೀಕ್ಷೆ ಕೈಕೊಡುತ್ತದೆ. ಹೊಸ ಜೀನನ್ನೇ ತೂರಿಸುವುದಾದರೆ, ಅಂಗಾಂಶ ಕೃಷಿಗೆ (ಲ್ಯಾಬಿನಲ್ಲಿ ಗಿಡದ ಚೂರಿನಿಂದ ಇಡೀ ಗಿಡ ಬೆಳೆಸುವುದಕ್ಕೆ) ಸಲೀಸಾಗಿ ಒಗ್ಗುವುದು ಕೋಕರ್ 312ರಂಥ ಕೆಲವೇ ಹಳೇ ಅಮೆರಿಕನ್ ತಳಿಗಳು. ಅಲ್ಲಿಂದ ನಮ್ಮ ತಳಿಗೆ ತರಲು ಮತ್ತೆ ಅದೇ ಸಂಕರಣ. ಸುದ್ದಿಯಲ್ಲಿ ಈ ಭಾಗಕ್ಕೆ ಜಾಗ ಸಾಲುವುದಿಲ್ಲ.

ವೇಗಕ್ಕೇ ಪ್ರಶಸ್ತಿ ಕೊಡುವುದಾದರೆ ಗುಲಾಬಿ ಕಾಯಿಕೊರಕಕ್ಕೆ ಕೊಡಿ. 2002ರಲ್ಲಿ ಒಂದು ಜೀನಿನ ಬಿಟಿ ಹತ್ತಿಗೆ (ಹುಳಕ್ಕೆ ವಿಷವಾಗುವ ಬ್ಯಾಕ್ಟೀರಿಯಾ ಜೀನ್ ತೂರಿಸಿದ ಹತ್ತಿಗೆ) ಅನುಮತಿ ಸಿಕ್ಕಿತು; 2010ಕ್ಕೆ ಗುಜರಾತಿನ ಹುಳ ಅದನ್ನು ಅರಗಿಸಿಕೊಂಡಿತ್ತು. 2006ರಲ್ಲಿ ಎರಡು ಜೀನ್ ಕೊಟ್ಟೆವು. 2015ರ ಹೊತ್ತಿಗೆ ಅದೂ ಪಚನ. ಲ್ಯಾಬಿಲ್ಲ, ಅನುದಾನವಿಲ್ಲ, ಪತ್ರಿಕಾಗೋಷ್ಠಿಯೂ ಇಲ್ಲ.

ಹಾಗಂತ ಹುಳ ಸ್ವಾವಲಂಬಿ ಎನ್ನಬೇಡಿ, ತರಬೇತಿ ನಮ್ಮದೇ. ನಮ್ಮ ಬಿಟಿ ಹತ್ತಿ ಬಹುತೇಕ ಹೈಬ್ರಿಡ್, ಎರಡು ತಳಿ ಕೂಡಿಸಿ ತೆಗೆದದ್ದು; ಅದರಲ್ಲಿ ಬಿಟಿ ಜೀನ್ ಒಂದು ಕಡೆಯ ಪೋಷಕನಿಂದಷ್ಟೇ ಬರುತ್ತದೆ. ಹಾಗಾಗಿ ಒಂದು ಜೀನಿನ ಗಿಡದ ಕಾಯಿಯೊಳಗಿನ ಕಾಲು ಭಾಗ ಬೀಜದಲ್ಲಿ ವಿಷವೇ ಇರುವುದಿಲ್ಲ. ಈ ಹುಳ ತಿನ್ನುವುದೇ ಬೀಜ! ಒಂದೇ ಕಾಯಿಯಲ್ಲಿ ಚೂರು ವಿಷ, ಚೂರು ಊಟ. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ನಾನ್ ಬಿಟಿ ಪೊಟ್ಟಣ ಕೊಟ್ಟು, ಹೊಲದ ಸುತ್ತ ಬಿತ್ತಿ ಎಂದರು. ಬಿಟಿಗೆ ಸಾಯುವ ಸಾಧು ಪತಂಗ ಅಲ್ಲಿ ಉಳಿದು, ಬಿಟಿ ತಡೆದುಕೊಳ್ಳುವ ಗಟ್ಟಿ ಪತಂಗದೊಡನೆ ಕೂಡಿದರೆ ಮರಿಗಳೂ ಸಾಧುವಾಗುತ್ತವೆ ಎಂಬ ಲೆಕ್ಕ. ಇಳುವರಿ ಬಿಟ್ಟು ಹುಳ ಸಾಕುವ ಸಾಲು ಯಾರು ಬಿತ್ತುತ್ತಾರೆ? ಪೊಟ್ಟಣ ಬದುವಿನ ಕಸವಾಯಿತು.

ಬಿತ್ತಿದವರು ಬೀಜ ಉಳಿಸಿಕೊಳ್ಳಬಹುದೆಂದು ಬಂದ, ಹೈಬ್ರಿಡ್ ಅಲ್ಲದ ಸರ್ಕಾರಿ ಹತ್ತಿ ತಳಿ ಬಿಕಾನೇರಿ ನರ್ಮಾ ಬಿಟಿ? ಅದರಲ್ಲಿ ಕಂಪನಿಯ ಜೀನ್ ಬೆರಕೆಯಾಗಿರುವುದು ಗೊತ್ತಾಗಿ, ಬಂದ ದಾರಿಯಲ್ಲೇ ವಾಪಸಾಯಿತು.

ಸಾಕಾಗಿದೆ ಸ್ವಾಮಿ. ಬೇಕಿರುವುದು ಒತ್ತಾಗಿ ಬಿತ್ತಿ 150 ದಿನಕ್ಕೆ ಬಿಡಿಸಿ ಮುಗಿಸುವ ಗಿಡ್ಡ ತಳಿ. ಹೊಲ ಬೇಗ ಖಾಲಿಯಾದರೆ ಕೊನೆಯ ತಲೆಮಾರಿನ ಹುಳಕ್ಕೆ ಕಾಯಿ ಸಿಗುವುದಿಲ್ಲ. ಇದು ಗೊತ್ತಾಗಲು ಯಾವ ಮಾರ್ಕರೂ ಬೇಡ. ಆದರೆ ಒತ್ತಾಗಿ ಬಿತ್ತಲು ಎಕರೆಗೆ ಮೂರ್ನಾಲ್ಕು ಪಟ್ಟು ಬೀಜ ಬೇಕು. ಪ್ರತಿ ಹೂವನ್ನೂ ಕೈಯಿಂದ ಸಂಕರ ಮಾಡಿ ತೆಗೆದ ಹೈಬ್ರಿಡ್ ಬೀಜವನ್ನು ಪ್ಯಾಕೆಟ್ ದರದಲ್ಲಿ ಅಷ್ಟು ಕೊಳ್ಳುವ ರೈತನನ್ನು ಯಾವ ಲ್ಯಾಬಿನಲ್ಲಿ ತಯಾರಿಸುತ್ತೀರಿ?