ಹೊಲಿಗೆ ಯಂತ್ರ ಸರಿ, ಪಕ್ಕದಲ್ಲಿ ನಿಂತು ಕಲಿಸೋರು ಯಾರು?

ಡಿಸೆಂಬರ್ 3 ಬಂತೆಂದರೆ ಅಂಗವಿಕಲರ ದಿನಾಚರಣೆ. ಭಾಷಣ, ಶಾಲು, ಹೊಲಿಗೆ ಯಂತ್ರದಂಥ ಸವಲತ್ತು ವಿತರಣೆ, ಫೋಟೊ. ಬೇಡ ಅನ್ನಲ್ಲ. ಒಂದು ತ್ರಿಚಕ್ರ ವಾಹನ ಸಿಕ್ಕರೆ ಮನುಷ್ಯ ತನ್ನ ಪಾಡಿಗೆ ತಾನು ಪೇಟೆಗೆ ಹೋಗಿಬರುತ್ತಾನೆ. ಆದರೆ ತೀವ್ರ ಬೌದ್ಧಿಕ ಅಂಗವೈಕಲ್ಯ ಇರುವವರು ಆ ಕಾರ್ಯಕ್ರಮಗಳಲ್ಲಿ ಕಾಣೋದೇ ಅಪರೂಪ. ಪಿಂಚಣಿ ಮಾಡಿಸಿಕೊಟ್ಟರೆ ಅವರ ಕಥೆ ಮುಗೀತು ಅಂತ ಎಲ್ಲರ ಲೆಕ್ಕ.

ಕಾಯ್ದೆ ಇಲ್ಲವೇ? ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಸರ್ಕಾರಿ ನೌಕರಿಯಲ್ಲಿ ಶೇ 4 ಮೀಸಲಾತಿ. ಅದರಲ್ಲಿ ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಮಾನಸಿಕ ಕಾಯಿಲೆಯಂಥವಕ್ಕೆಲ್ಲ ಸೇರಿ ಶೇ 1. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಸರ್ಟಿಫಿಕೇಟಿಗೆ ಕ್ಯೂ ನಿಲ್ಲುವ ನಮಗೆ ಮೀಸಲಾತಿಯ ಬೆಲೆ ಚೆನ್ನಾಗೇ ಗೊತ್ತು. ಆದರೆ ಎಸ್ಸೆಸ್ಸೆಲ್ಸಿವರೆಗೂ ಹೋಗದ ಹುಡುಗ ಅರ್ಜಿ ಹಾಕೋದಾದರೂ ಎಲ್ಲಿ?

ಇನ್ನು ತರಬೇತಿ. ಮೇಣದಬತ್ತಿ, ಪೇಪರ್ ಕವರ್. ವರ್ಷಗಟ್ಟಲೆ ಅದನ್ನೇ ಮಾಡಿಸುತ್ತಾರೆ, ಕೆಲಸಕ್ಕೆ ಮಾತ್ರ ಇನ್ನೂ ತಯಾರಾಗಿಲ್ಲ ಅನ್ನುತ್ತಾರೆ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಮಾಡೋದೇ ಈ ಮಕ್ಕಳಿಗೆ ಕಷ್ಟ. ಹಾಗಿದ್ದ ಮೇಲೆ ಕೆಲಸದ ಜಾಗದಲ್ಲೇ ಕಲಿಸಬೇಕು ತಾನೇ?

ಅಮೆರಿಕದಲ್ಲಿ 1970ರ ದಶಕದಲ್ಲಿ ಮಾರ್ಕ್ ಗೋಲ್ಡ್ ಎಂಬುವರು ಇಂಥವರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸೋದನ್ನು ಕಲಿಸಿ ತೋರಿಸಿದರು. ಕೆಲಸವನ್ನು ಚಿಕ್ಕ ಚಿಕ್ಕ ಹಂತ ಮಾಡೋದು, ಮಾತು ಕಡಿಮೆ ಮಾಡೋದು. ಕಲಿಯಲಿಲ್ಲ ಅಂದರೆ ಕಲಿಸೋರೇ ದಾರಿ ಬದಲಿಸಬೇಕು ಅನ್ನೋದು ಅವರ ವಾದ. 1986ರಲ್ಲಿ ಅಲ್ಲಿನ ಕಾನೂನಿನಲ್ಲೇ ಬೆಂಬಲಿತ ಉದ್ಯೋಗಕ್ಕೆ ಜಾಗ ಸಿಕ್ಕಿತು. ಅಂದರೆ ಮೊದಲು ನಿಜವಾದ ಕೆಲಸಕ್ಕೆ ಸೇರಿಸೋದು, ಪಕ್ಕದಲ್ಲಿ ಜಾಬ್ ಕೋಚ್ ಇಟ್ಟು ಕಲಿಸೋದು. ಕೋಚ್ ಬರೋದು ಆಮೇಲಾಮೇಲೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲೋದಿಲ್ಲ.

ಇದೆಲ್ಲ ದೂರದ ಮಾತು ಅನಿಸಿದರೆ ನಮ್ಮ ಬಳ್ಳಾರಿಯ ಕೌಲ್‌ಬಜಾರ್ ಕಡೆಗೆ ಬನ್ನಿ. ಒಂದು ಜೀನ್ಸ್ ಘಟಕದಲ್ಲಿ ನಮ್ಮ ಪರಿಚಯದ ಇಂಥದೇ ಒಬ್ಬ ಹುಡುಗ ದಾರ ಕತ್ತರಿಸುತ್ತಾನೆ. ಸೊಂಟದ ಪಟ್ಟಿಯಿಂದ ಶುರು, ಆಮೇಲೆ ಲೂಪು, ಜಿಪ್ಪು, ಜೇಬು, ಕೊನೆಗೆ ಕಾಲಿನ ಮಡಿಕೆ. ಈ ಸಾಲು ಯಾವತ್ತೂ ತಪ್ಪಲ್ಲ. ಎಣಿಕೆ ಬರಲ್ಲ, ಆದರೆ ಡಜನ್ನಿಗೊಂದು ಕಟ್ಟು ಕಟ್ಟಬೇಕು. ಅಲ್ಲೇ ಕೆಲಸ ಮಾಡುವ ಅವನ ಚಿಕ್ಕಮ್ಮ ಒಂದು ಡಬ್ಬಿಯಲ್ಲಿ ಹನ್ನೆರಡು ಹಿತ್ತಾಳೆ ಗುಂಡಿ ಹಾಕಿಟ್ಟರು. ಒಂದು ಪ್ಯಾಂಟ್ ಮುಗಿದರೆ ಒಂದು ಗುಂಡಿ ಪಕ್ಕದ ಡಬ್ಬಿಗೆ. ಮೊದಲ ಡಬ್ಬಿ ಖಾಲಿ ಆಯ್ತಾ, ಕಟ್ಟು ಕಟ್ಟು. ಜನರೇಟರ್ ಸದ್ದಿಗೆ ಎದ್ದು ಓಡುತ್ತಿದ್ದವನನ್ನು ಒಳಗಿನ ಗೋಡೆ ಪಕ್ಕ ಕೂರಿಸಿದರು, ಅದೂ ಬಗೆಹರಿಯಿತು. ಯಾವ ಡಿಪ್ಲೊಮಾನೂ ಓದದ ಆ ಚಿಕ್ಕಮ್ಮ ಪಕ್ಕಾ ಜಾಬ್ ಕೋಚ್!

ಆದರೆ ಅವರದೂ ಪೀಸ್ ರೇಟ್ ಕೂಲಿ. ಹುಡುಗನಿಗೆ ಕಲಿಸುತ್ತಾ ನಿಂತ ವಾರಗಳಲ್ಲಿ ಅವರ ಪೀಸು ಕಡಿಮೆ, ಹಣವೂ ಕಡಿಮೆ. ಆ ನಷ್ಟ ತುಂಬಿಕೊಡೋರು ಯಾರೂ ಇಲ್ಲ. ನನ್ನ ತಕರಾರು ಇಷ್ಟೇ. ನಮ್ಮಲ್ಲಿ ಯಂತ್ರಕ್ಕೆ ದುಡ್ಡಿದೆ, ಯಂತ್ರದ ಪಕ್ಕ ನಿಲ್ಲುವ ಮನುಷ್ಯನಿಗೆ ಇಲ್ಲ.

ಕೂಲಿ ವಿಷಯದಲ್ಲಿ ಮಾತ್ರ ಅಮೆರಿಕವನ್ನು ನೋಡಿ ಕಲಿಯೋದು ಬೇಡ. ಅಂಗವಿಕಲರಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಬಹುದು ಅಂತ ಅಲ್ಲಿ 1938ರಲ್ಲೇ ಕಾನೂನು ಮಾಡಿದರು. ಅದರ ಮೇಲೆ ಜಗಳ ಇವತ್ತಿಗೂ ಇದೆ. ನಮ್ಮಲ್ಲೂ ಕೆಲವು ಸಾವ್ಕಾರ್ರು 'ಚಾ, ಊಟ ಕೊಡ್ತೀವಿ, ಸುಮ್ನೆ ಬಂದು ಕೂತಿರ್ಲಿ' ಅಂತಾರೆ. ಕೂರೋಕೆ ಮನೆಯಿಲ್ಲವೇ? ಈ ಹುಡುಗನಿಗೆ ಎಲ್ಲರ ರೇಟೇ ಸಿಗುತ್ತದೆ. ಪೀಸು ಕಡಿಮೆ, ಹಾಗಾಗಿ ಹಣ ಕಡಿಮೆ, ಅದು ಬೇರೆ ಮಾತು. ಅವನ ತಾಯಿಗಂತೂ ಬೇರೆಯದೇ ಭಯ: 'ದುಡೀತಾನೆ ಅಂತ ಗೊತ್ತಾದ್ರೆ ಪಿಂಚಣಿ ನಿಲ್ಲಿಸಿಬಿಡ್ತಾರಾ ಅಣ್ಣಾ?' ಈ ಭಯಕ್ಕೆ ಅಧಿಕಾರಿಗಳು ಬರಹದಲ್ಲಿ ಉತ್ತರ ಕೊಡಬೇಕು.

ದುಡ್ಡು ಎಲ್ಲಿಂದ ಅಂತೀರಾ? ನಮ್ಮದು ಗಣಿ ಜಿಲ್ಲೆ ಸ್ವಾಮಿ. ಗಣಿಗಾರಿಕೆಯಿಂದ ತೊಂದರೆಯಾದ ಊರುಗಳಿಗೆ ಅಂತ ಗಣಿಯವರು ಕಟ್ಟುವ ಜಿಲ್ಲಾ ಖನಿಜ ನಿಧಿ ಬಳಸೋಕೆ 2015ರಲ್ಲಿ ಬಂದ ಮಾರ್ಗಸೂಚಿಯಲ್ಲೇ ಅಂಗವಿಕಲರ ಕಲ್ಯಾಣ ಮತ್ತು ಕೌಶಲ ತರಬೇತಿ ಎರಡೂ ಆದ್ಯತೆಯ ಪಟ್ಟಿಯಲ್ಲಿವೆ. ಜನರೂ ಇದ್ದಾರೆ. ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂಗಳು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿಗೆ ಎಂಆರ್‌ಡಬ್ಲ್ಯೂಗಳು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಗೌರವಧನದ ಮೇಲೆ ದುಡಿಯುತ್ತಿದ್ದಾರೆ. ಅರ್ಜಿ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಅಂತ ಓಡಾಡಿಯೇ ಸುಸ್ತಾಗಿರುವ ಅವರ ತಲೆ ಮೇಲೆ ಇದನ್ನೂ ಹೇರಬೇಡಿ. ಆಸಕ್ತಿ ಇರುವ ಕೆಲವರನ್ನು ಆರಿಸಿ, ಕೋಚ್ ಕೆಲಸ ಕಲಿಸಿ, ಸರಿಯಾದ ಸಂಬಳ ಕೊಡಿ. ಆ ಚಿಕ್ಕಮ್ಮನಂಥವರಿಗೆ ಕಲಿಸುವ ದಿನಗಳ ಕೂಲಿ ತುಂಬಿಕೊಡಿ. ಖನಿಜ ನಿಧಿಯ ಮುಂದಿನ ಕ್ರಿಯಾಯೋಜನೆಗೆ ಈ ಬೇಡಿಕೆ ಬರೆದುಕೊಡೋಣ ಅಂತಿದ್ದೇನೆ. ಜೊತೆಗೆ ಸಹಿ ಹಾಕೋರು ಇನ್‌ಬಾಕ್ಸಿಗೆ ಬನ್ನಿ.